ಹನ್ನೊಂದು ನಿಲ್ದಾಣಗಳ ಧ್ವನಿ

ರೈಲಿನ ಸಿಗ್ನಲ್ ಕ್ಯಾಬಿನ್ನಿನಲ್ಲಿ ಇಪ್ಪತ್ತಾರು ವರ್ಷ ಲಿವರ್ ಎಳೆದ ಹೆಂಗಸಿಗೆ ಕ್ಯಾಬಿನ್ ಅಕ್ಕ ಎಂಬ ಹೆಸರು ಅಂಟಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ, ಕ್ಯಾಬಿನ್ ನೆಲಸಮವಾಗಿ, ಹಳಿ ಕಿತ್ತು ಗುಜರಿಗೆ ಹೋಗಿ, ಆಕೆ ಮನೆಯಲ್ಲಿ ಕುಳಿತ ಮೇಲೆ ಆ ಹೆಸರು ಇನ್ನಷ್ಟು ದೂರ ಹೋಯಿತು. ಮುಖವನ್ನೇ ನೋಡದ ಸಾವಿರಾರು ಜನ ಆಕೆಯನ್ನು ಹಾಗೆ ಕರೆಯತೊಡಗಿದರು.

ಆಕೆಯ ಗಂಡ ಅದೇ ಮಾರ್ಗದಲ್ಲಿ ಅನೌನ್ಸರ್. ದೊಡ್ಡ ನಿಲ್ದಾಣದ ಒಂದು ಕಿರುಕೋಣೆಯಲ್ಲಿ ಮೈಕಿನ ಮುಂದೆ ಕೂತು ಅವರು ಹೇಳಿದ್ದು ತಂತಿಯ ಮೂಲಕ ಹನ್ನೊಂದು ನಿಲ್ದಾಣಗಳಲ್ಲೂ ಕೇಳುತ್ತಿತ್ತು. ಅವರಿಗೊಂದು ಹಠವಿತ್ತು. ಕೈಗಿತ್ತ ಚೀಟಿಯನ್ನು ಹಿಂದೆಮುಂದೆ ನೋಡದೆ ಓದುವ ಜಾಯಮಾನವೇ ಅಲ್ಲ. ಪ್ರತಿ ಸಲವೂ ಕ್ಯಾಬಿನ್ನಿಗೆ ಫೋನು.

"ಗಾಡಿ ನಿನ್ನ ಕಣ್ಣಿಗೆ ಬಿತ್ತಾ?"

"ಇನ್ನೂ ಇಲ್ಲ ರೀ."

"ಹಾಗಾದ್ರೆ ಬರ್ತಾ ಇದೆ ಅಂತ ನಾನ್ಹೇಗೆ ಹೇಳಲಿ?"

"ಗಂಡ ಹೆಂಡ್ತಿ ಸಂಸಾರ ಮಾಡೋಕೆ ರೈಲ್ವೆ ಫೋನೇ ಬೇಕಾ?" ಎಂದು ಸ್ಟೇಷನ್ ಮಾಸ್ತರರು ಗೊಣಗುತ್ತಿದ್ದರು. ಆದರೆ ಆ ಮಾರ್ಗದ ಜನ ಗಡಿಯಾರಕ್ಕಿಂತ ಹೆಚ್ಚಾಗಿ ಆ ಧ್ವನಿಯನ್ನು ನಂಬಿದ್ದರು. ಗಾಡಿ ಬರುತ್ತಿದೆ ಎಂದು ಅವರು ಹೇಳಿದ ಮೇಲಷ್ಟೇ ಬೆಂಚಿನಿಂದ ಏಳುತ್ತಿದ್ದರು.

ಮಾರ್ಗ ಮುಚ್ಚಿದ ಮೇಲೆ ಇಬ್ಬರಿಗೂ ಕೈ ಖಾಲಿ. ಗಂಡ ಕಿಟಕಿ ಬಳಿ ಕೂತು ಪತ್ರಿಕೆಯ ತಪ್ಪು ಹುಡುಕುತ್ತಿದ್ದರು. ಆಕೆ ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದಳು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಮಗಳು ಇದನ್ನು ನೋಡಲಾರದೆ ತನ್ನ ಹಳೆಯ ಕಂಪ್ಯೂಟರಿಗೆ ರೈಲು ಓಡಿಸುವ ಒಂದು ಆಟ ಹಾಕಿಕೊಟ್ಟಳು. ಆಕೆ ಎರಡು ದಿನ ಮೂಗು ಮುರಿದಳು. "ಇದೇನೇ ಇದು, ಹಳಿ ಬದಲಿಸೋ ಪಾಯಿಂಟ್ ತಿರುಗೋಕ್ಮುಂಚೆ ಸಿಗ್ನಲ್ ಬೀಳುತ್ತೆ! ಇದನ್ನ ಮಾಡಿದೋರು ಕ್ಯಾಬಿನ್ ಮೆಟ್ಟಿಲೂ ಹತ್ತಿಲ್ಲ."

"ಹಾಗಾದ್ರೆ ನೀನೇ ಸರಿಯಾಗಿ ಕಟ್ಟಮ್ಮ," ಎಂದಳು ಮಗಳು.

ಆಡುವವರು ತಮಗೆ ಬೇಕಾದ ಮಾರ್ಗಗಳನ್ನು ತಾವೇ ಕಟ್ಟಿಕೊಳ್ಳಲೆಂದು ಕಂಪನಿ ಆ ಆಟದ ಜೊತೆ ಒಂದು ಉಪಕರಣವನ್ನೂ ಕೊಟ್ಟಿತ್ತು. ಹಾಗೆ ಕಟ್ಟಿ ಎಲ್ಲರಿಗೂ ಪುಕ್ಕಟೆಯಾಗಿ ಹಂಚುವುದಕ್ಕೆ ಆ ಜನರ ಮಾತಿನಲ್ಲಿ ಮಾಡ್ ಎನ್ನುತ್ತಾರೆ. ಮೌಸ್ ಹಿಡಿಯಲು ಬಾರದಿದ್ದ ಆಕೆ ನಾಲ್ಕು ವರ್ಷದಲ್ಲಿ ತನ್ನ ಮಾರ್ಗವನ್ನು ಇಡಿಯಾಗಿ ಎಬ್ಬಿಸಿ ನಿಲ್ಲಿಸಿದಳು. ಅರವತ್ತೆರಡು ಕಿಲೋಮೀಟರು, ಹನ್ನೊಂದು ನಿಲ್ದಾಣ. ಗಿರಣಿ ನಿಲ್ದಾಣದಾಚೆ ಇಳಿಜಾರಿನಲ್ಲಿ ಡ್ರೈವರುಗಳು ಎಲ್ಲಿ ಬ್ರೇಕ್ ಹಾಕಲೇಬೇಕಿತ್ತು, ಸೇತುವೆ ನಿಲ್ದಾಣದ ನಲ್ಲಿ ಯಾವ ಕಡೆ ಸೋರುತ್ತಿತ್ತು, ಮೂರನೇ ಲಿವರಿನ ಹಿಡಿಯಲ್ಲಿ ಬಣ್ಣ ಎಲ್ಲಿ ಸವೆದಿತ್ತು, ಎಲ್ಲವೂ ಅದರಲ್ಲಿತ್ತು. ಅಳತೆ ಮರೆತಲ್ಲಿ ಬಸ್ಸು ಹತ್ತಿ ಹೋಗಿ, ಹಳಿ ಇದ್ದ ಜಾಗದಲ್ಲಿ ಹೆಜ್ಜೆ ಎಣಿಸಿ ಬಂದಳು.

ಕೊನೆಗೆ ಉಳಿದದ್ದು ಧ್ವನಿ. ಗಂಡನನ್ನು ಕೇಳಿದಾಗ, "ಇಲ್ಲದ ಗಾಡಿಗೆ ನಾನು ಕೂಗಬೇಕಾ?" ಎಂದು ನಕ್ಕರು. ಆಕೆ ಅವರ ಕೈಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿ, ಎಂಟು ಹತ್ತರ ಗಾಡಿ ತಿರುವಿನಲ್ಲಿ ಬರುವುದನ್ನು ತೋರಿಸಿದಳು. ಅವರು ಪರದೆಯ ಹತ್ತಿರಕ್ಕೆ ಬಗ್ಗಿದರು. "ಕಣ್ಣಿಗೆ ಬಿತ್ತು. ಹೇಳ್ತೀನಿ," ಎಂದರು.

ಬೀದಿಯ ಸದ್ದು ಒಳಬಾರದಂತೆ ಬಟ್ಟೆಯ ಬೀರುವಿನೊಳಗೆ ಕೂತು, ತಲೆಗೆ ಕಂಬಳಿ ಹೊದ್ದು ಧ್ವನಿ ಹಿಡಿಸಿದರು. ಆಟ ತಾನೇ ಜೋಡಿಸಿಕೊಂಡು ಹೇಳಲು ಮಾತು ತುಂಡುತುಂಡಾಗಿ ಬೇಕಿತ್ತು. ಒಂದರಿಂದ ಐವತ್ತೊಂಬತ್ತರವರೆಗೆ ಅಂಕಿಗಳು, ನಿಲ್ದಾಣದ ಹೆಸರುಗಳು, 'ಪ್ರಯಾಣಿಕರ ಗಮನಕ್ಕೆ', 'ಸಂಖ್ಯೆಯ ಪ್ಲಾಟ್‌ಫಾರ್ಮಿಗೆ', 'ಬರುತ್ತಿದೆ'. ಎಲ್ಲ ಸೇರಿ ನೂರ ಹದಿನೆಂಟು ತುಂಡು. ಮೂವತ್ತೇಳರ ಹೊತ್ತಿಗೆ, ಗಂಡ ಉಸಿರುಗಟ್ಟಿದರೇನೋ ಎಂದು ಹೆದರಿ ಆಕೆ ಬಾಗಿಲು ತೆರೆದಳು. ಸೀರೆಗಳ ನಡುವೆ ಬೆವರಿ ಕೂತಿದ್ದ ಅವರನ್ನು ಕಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಅವರು ಮೂವತ್ತೇಳು ಅನ್ನುತ್ತಾ ತಾವೂ ನಕ್ಕುಬಿಟ್ಟರು. ಅದನ್ನು ಹಾಗೆಯೇ ಉಳಿಸಿಕೊಂಡರು.

ಮಾರ್ಗ ಕ್ಯಾಬಿನ್ ಅಕ್ಕನ ಹೆಸರಿನಲ್ಲಿ ಹೊರಬಿದ್ದ ಐದನೇ ತಿಂಗಳು, ಮಧ್ಯಾಹ್ನ ಊಟ ಮಾಡಿ ಮಲಗಿದ ಗಂಡ ಏಳಲಿಲ್ಲ.

ಆಮೇಲೆ ಆಕೆಗೆ ದಿನಚರಿ ಎಂದರೆ ಒಂದೇ. ಬೆಳಿಗ್ಗೆ ಎಂಟು ಹತ್ತರ ಗಾಡಿ ಓಡಿಸುವುದು, ಹನ್ನೊಂದು ನಿಲ್ದಾಣಗಳಲ್ಲಿ ಅವರನ್ನು ಕೇಳುವುದು. ಒಬ್ಬಳೇ ಅಲ್ಲ. ಆ ಮಾರ್ಗದಲ್ಲಿ ದುಡಿದವರು, ಓಡಾಡಿದವರು, ಅದನ್ನು ಕಂಡೇ ಇರದವರು ಕೂಡ ಅದರಲ್ಲಿ ಗಾಡಿ ಓಡಿಸುತ್ತಿದ್ದರು. ನಿವೃತ್ತ ಗಾರ್ಡ್ ಒಬ್ಬರಿದ್ದರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿದ್ದ ಅವರಿಗೆ ಸೊಸೆ ಮಂಚದ ಮೇಲೆಯೇ ಕಂಪ್ಯೂಟರ್ ಹೊಂದಿಸಿಕೊಟ್ಟಿದ್ದಳು. ಆಗಾಗ ಫೋನು ಮಾಡಿ, "ತಂಗಿ, ಇವತ್ತು ಎರಡು ನಿಮಿಷ ಲೇಟು. ನಿಮ್ಮೆಜಮಾನ್ರು ಬೈದರು!" ಎಂದು ನಗುತ್ತಿದ್ದರು.

ಈ ನಡುವೆ ಹಳೆ ಕಂಪ್ಯೂಟರಿನ ಡಿಸ್ಕ್ ಕೈಕೊಟ್ಟಿತು. ಧ್ವನಿಯ ಮೂಲ ತುಂಡುಗಳು ಅದರಲ್ಲೇ ಹೋದವು. ಮಾರ್ಗ ಹೇಗೂ ಕಂಪನಿಯ ಸರ್ವರಿನಲ್ಲಿ ಇದೆಯಲ್ಲ ಎಂದು ಆಕೆ ನಿಶ್ಚಿಂತೆಯಾಗಿದ್ದಳು.

ಗಂಡ ಹೋದ ಮೂರು ವರ್ಷದ ಮೇಲೆ ಕಂಪನಿಯಿಂದ ಒಂದು ಇಮೇಲ್ ಬಂತು. ಅಭಿನಂದನೆಗಳು, ನಿಮ್ಮ ಮಾರ್ಗವನ್ನು ಆಟದ ಹೊಸ ಆವೃತ್ತಿಗೆ ಆರಿಸಿದ್ದೇವೆ ಎಂದಿತ್ತು. ಆಕೆ ಹಿಗ್ಗಿ ಪಕ್ಕದ ಮನೆಯವರಿಗೂ ಹೇಳಿ ಬಂದಳು. ಆ ಇಮೇಲನ್ನು ಕೆಳತುದಿಯವರೆಗೆ ಓದಿದವಳು ಮಗಳು. ಹೊಸದು ಬಂದ ದಿನವೇ ಹಳೆಯ ಉಚಿತ ಮಾರ್ಗವನ್ನು ಎಲ್ಲರ ಕಂಪ್ಯೂಟರಿನಿಂದಲೂ ತೆಗೆಯಲಾಗುವುದು ಎಂಬ ಸಾಲು ಅಲ್ಲಿತ್ತು. ಹಾಗೆಯೇ ಆಯಿತು. ಆಕೆ ಹೊಸದನ್ನು ತೆರೆದು ಮೊದಲ ನಿಲ್ದಾಣಕ್ಕೆ ಗಾಡಿ ತಂದಳು. ಸವೆದ ಲಿವರ್ ಇತ್ತು, ಸೋರುವ ನಲ್ಲಿ ಇತ್ತು. ಯಾವಳೋ ಹುಡುಗಿ ಇಂಪಾದ ಗಂಟಲಲ್ಲಿ ಪ್ರಯಾಣಿಕರ ಗಮನಕ್ಕೆ ಎಂದಳು. ಆಕೆ ಗಾಡಿಯನ್ನು ಅಲ್ಲೇ ಬಿಟ್ಟು ಎದ್ದಳು.

ಮಗಳು ವಕೀಲೆಯೊಬ್ಬರ ಬಳಿ ಕರೆದುಕೊಂಡು ಹೋದಳು. ಜೆರಾಕ್ಸ್ ಅಂಗಡಿಯ ಮೇಲಿನ ಆಫೀಸು, ಕೆಳಗಿನ ಯಂತ್ರದ ಬಿಸಿ ನೆಲಕ್ಕೂ ತಾಗುತ್ತಿತ್ತು. ಉಪಕರಣ ಮೊದಲು ತೆರೆದಾಗ 'ಒಪ್ಪಿದ್ದೇನೆ' ಎಂದು ಟಿಕ್ ಹಾಕಿದ ಒಪ್ಪಂದವನ್ನು ವಕೀಲೆ ಪೂರ್ತಿ ಮುದ್ರಿಸಿಟ್ಟಿದ್ದರು. ನಲವತ್ತೊಂದು ಪುಟ.

"ಇದನ್ನ ಓದಿದ್ರಾ ಅಮ್ಮ?"

"ಯಾರಾದ್ರೂ ಓದ್ತಾರಾ?"

"ನಾನೂ ಓದಲ್ಲ," ಎಂದರು ವಕೀಲೆ. "ಆದ್ರೆ ಇದರಲ್ಲಿ ಹೀಗಿದೆ. ಆಟ ಅವರದ್ದು. ಅವರ ಉಪಕರಣದಲ್ಲಿ ಕಟ್ಟಿದ ಮಾರ್ಗನೂ ಅವರು ಹೇಗೆ ಬೇಕಾದ್ರೂ ಬಳಸಬಹುದು, ಮಾರಬಹುದು, ತೆಗೀಬಹುದು. ನೀವು ಬರ್ಕೊಟ್ಟಿದ್ದೀರಿ."

"ನಾಲ್ಕು ವರ್ಷ ಕಟ್ಟಿದ್ದು ನಾನು."

"ಹೌದು. ಅದನ್ನ ಅವರೂ ಇಲ್ಲ ಅನ್ನಲ್ಲ."

"ಹಳಿ ರೈಲ್ವೆಯವರದ್ದು, ಆಟ ಕಂಪನಿದು. ನಂದು ಅಂತ ಏನೂ ಇಲ್ವಾ ಹಾಗಾದ್ರೆ?"

ವಕೀಲೆ ಕಾಗದ ಕೆಳಗಿಟ್ಟರು. "ಒಂದಿದೆ. ಧ್ವನಿ. ನಿಮ್ಮೆಜಮಾನ್ರು ಎಲ್ಲೂ ಟಿಕ್ ಹಾಕಿಲ್ಲ. ಅದಕ್ಕೇ ಹೆದರಿ ಕಂಪನಿಯವರು ಧ್ವನಿ ತೆಗೆದಿರೋದು. ಅದು ಯಜಮಾನ್ರದ್ದಾಗಿತ್ತು, ಈಗ ನಿಮ್ಮದು."

ತನ್ನದೆಂದು ಉಳಿದದ್ದೇ ಆಟದಿಂದ ಹೊರಬಿದ್ದಿದೆ. ಆಕೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ವಕೀಲೆ ಬರೆದ ಪತ್ರಕ್ಕೆ ಕಂಪನಿ ಮರ್ಯಾದೆಯಿಂದಲೇ ಉತ್ತರಿಸಿತು. ನೂರ ಹದಿನೆಂಟು ತುಂಡುಗಳನ್ನೂ ಹಿಂದಿರುಗಿಸಿತು. ಜೊತೆಗೊಂದು ಕರಾರು ಪತ್ರ. ಹೊಸ ಆವೃತ್ತಿಯ ಮಾರ್ಗಕ್ಕೆ ಹೊರಗಿನವರು ಏನನ್ನೂ ಸೇರಿಸುವಂತಿಲ್ಲ, ಸಹಿ ಹಾಕಿದರೆ ಧ್ವನಿಯನ್ನು ನಾವೇ ಮತ್ತೆ ಸೇರಿಸುತ್ತೇವೆ ಎಂದಿತ್ತು. ಮಗಳು ಪೆನ್ನು ತಂದೇ ಬಿಟ್ಟಳು. ಆಕೆ ಈ ಸಲ ಒಂದೊಂದು ಸಾಲನ್ನೂ ಓದಿಸಿದಳು. ಏಳನೇ ಸಾಲಿನಲ್ಲಿ ತಡೆದಳು.

"ಅದನ್ನ ಬಿಡಿಸಿ ಹೇಳೇ."

"ಅಪ್ಪನ ಧ್ವನಿನ ಯಂತ್ರಕ್ಕೆ ಕಲಿಸಬಹುದು. ಬೇರೆ ಮಾರ್ಗಕ್ಕೆ, ಬೇರೆ ಆಟಕ್ಕೆ, ಅಪ್ಪ ಹೇಳದೇ ಇರೋ ಮಾತನ್ನೂ ಅಪ್ಪನ ಧ್ವನಿಲಿ ಹೇಳಿಸಬಹುದು."

"ಆ ಸಾಲೊಂದನ್ನ ತೆಗೀತಾರಾ ಕೇಳು."

ವಕೀಲೆ ಕೇಳಿದರು. ತೆಗೆಯುವುದಿಲ್ಲ, ಎಲ್ಲರಿಗೂ ಒಂದೇ ಕರಾರು ಎಂದು ಉತ್ತರ ಬಂತು.

"ಹಾಕಮ್ಮ," ಎಂದಳು ಮಗಳು. "ನಂಗೂ ಅಪ್ಪನ್ನ ಕೇಳಬೇಕು ಅನ್ಸುತ್ತೆ. ಆ ಹನ್ನೊಂದು ಕಡೆ ಕೇಳಬೇಕು. ಬೇರೆ ಏನಾದ್ರೂ ಮಾಡ್ಕೊಳ್ಲಿ."

"ಕಣ್ಣಿಗೆ ಬೀಳದ ಗಾಡಿನ ಬರ್ತಾ ಇದೆ ಅಂತ ಒಂದು ದಿನ ಹೇಳಿದೋರಲ್ಲ ಕಣೇ. ಹತ್ತು ನಿಮಿಷ ಲೇಟನ್ನ ಐದು ಅನ್ನು ಅಂದಿದ್ದಕ್ಕೆ ಮಾಸ್ತರರ ಹತ್ರ ಜಗಳ ಆಡಿದ್ರು. ಅವರ ಬಾಯಿಗೆ ಯಾರ್ಯಾರೋ ಮಾತು ತುರುಕೋಕೆ ನಾನು ಹೇಗೆ ಹೂಂ ಅನ್ನಲಿ?"

ಪೆನ್ನು ಮೇಜಿನ ಮೇಲೆಯೇ ಉಳಿಯಿತು. ತಾಯಿ ಮಗಳು ನಾಲ್ಕು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಸುದ್ದಿ ಹೇಗೋ ಗಾರ್ಡಿಗೂ ತಲುಪಿತು. ಫೋನು ಮಾಡಿದಾಗ ಅವರ ಮಾತಿನಲ್ಲಿ ನಗುವಿನ ಸುಳಿವೇ ಇರಲಿಲ್ಲ. "ಸಹಿ ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು ತಂಗಿ? ನಾನು ಎದ್ದು ಓಡಾಡೋನಲ್ಲ. ದಿನಕ್ಕೊಂದು ಸಲ ಆ ಧ್ವನಿ ಕೇಳಿ ಡ್ಯೂಟಿ ಮಾಡಿದೆ ಅನ್ನೋ ಹಾಗೆ ಇರ್ತಿತ್ತು. ಅದನ್ನ ನಿನ್ನ ಪೆಟ್ಟಿಗೇಲಿ ಇಟ್ಕೊಂಡು ಏನ್ಮಾಡ್ತೀಯ?" ಆಕೆ ಬಾಯಿ ತೆರೆಯುವಷ್ಟರಲ್ಲಿ ಫೋನು ಇಟ್ಟರು. ತಿಂಗಳುಗಟ್ಟಲೆ ಮತ್ತೆ ಮಾಡಲಿಲ್ಲ. ಆಕೆ ಮಾಡಿದರೆ ಸೊಸೆ ಎತ್ತಿ, "ಮಲಗಿದಾರೆ," ಎನ್ನುತ್ತಿದ್ದಳು.

ಆ ಮಾತು ಆಕೆಯನ್ನು ಒಳಗೊಳಗೇ ತಿಂದಿತು. ಒಂದು ಬೆಳಿಗ್ಗೆ ಮಗಳನ್ನು ಕರೆದು, ತುಂಡುಗಳನ್ನೆಲ್ಲ ಮೊಬೈಲಿಗೆ ಹಾಕಿಸಿಕೊಂಡು, ಎರಡು ಬಸ್ಸು ಬದಲಿಸಿ ಗಾರ್ಡ್ ಅವರ ಮನೆಗೆ ಹೋದಳು. ಫೋನಿನಲ್ಲಿ ಮಾತ್ರ ಕೇಳಿದ್ದ ಮನುಷ್ಯ ಆಕೆ ಎಣಿಸಿದ್ದಕ್ಕಿಂತ ಬಹಳ ಸಣ್ಣಗಿದ್ದರು. ಹೊದಿಕೆಯ ಕೆಳಗೆ ಕಾಲುಗಳಿವೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಅವರು ಬಾ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಅಣ್ಣ, ಬೇರೆಯವರಿಗೆ ಬರ್ಕೊಡಲಾರೆ. ನೀವು ಕೇಳಬೇಡಿ ಅಂತ ನಾನೆಲ್ಲಿ ಅಂದೆ?" ಎಂದು ಮೊಬೈಲನ್ನು ದಿಂಬಿನ ಪಕ್ಕ ಇಟ್ಟು ಒತ್ತಿದಳು.

ಪ್ರಯಾಣಿಕರ ಗಮನಕ್ಕೆ. ಗಾರ್ಡ್ ಅವರ ಕೈ ಹೊದಿಕೆಯ ಮೇಲೆ ಬಾವುಟ ಹಿಡಿದಂತೆ ಮಡಚಿಕೊಂಡಿತು. ಮುಂದೆ ಅಂಕಿಗಳು ಬಂದವು. ಒಂದು. ಎರಡು. ಮೂರು. ಪ್ರತಿ ಅಂಕಿಯ ಹಿಂದೆ ಬೀರುವಿನೊಳಗಿನ ಮೌನ. ನಾಲ್ಕು. ಐದು. ಅವರು ಮುಂದಿನ ಮಾತಿಗಾಗಿ ಕಾದರು. ಪ್ಲಾಟ್‌ಫಾರ್ಮಿಲ್ಲ, ಗಾಡಿಯಿಲ್ಲ, ಬರೀ ಆರು, ಏಳು. ಹನ್ನೆರಡಕ್ಕೆ ಗಾರ್ಡ್ ಗೋಡೆಯ ಕಡೆ ಮುಖ ತಿರುಗಿಸಿದರು.

"ನಿಲ್ಸು ತಂಗಿ. ಎಣಿಸ್ತಾ ಇದಾರೆ ಅಷ್ಟೆ. ಕೇಳೋಕಾಗಲ್ಲ."

ಆಕೆ ನಿಲ್ಲಿಸಿದಳು.

ಗಾರ್ಡ್ ಮುಖ ಇತ್ತ ತಿರುಗಿಸಿ ಕರಾರಿನಲ್ಲಿ ಏನಿತ್ತೆಂದು ಕೇಳಿದರು. ಆಕೆ ಏಳನೇ ಸಾಲನ್ನು ಹೇಳಿದಳು. ಅವರು ಎರಡು ಸಲ ಹೇಳಿಸಿಕೊಂಡರು. "ನೀನು ಮಾಡಿದ್ದು ತಪ್ಪು ಅನ್ನೋಕೆ ನಂಗೆ ಬಾಯಿಲ್ಲ," ಎಂದರು. "ಸರಿ ಅನ್ನೋಕೂ ಆಗ್ತಿಲ್ಲ ನೋಡು." ಸೊಸೆ ಚಹಾ ತಂದಳು. ಅವರ ಲೋಟದಲ್ಲಿ ಅರ್ಧ ಮಾತ್ರ ಇತ್ತು, ಕೈ ನಡುಗಿ ಚೆಲ್ಲುತ್ತದೆಂದು. ಇಬ್ಬರೂ ಕುಡಿದರು.

ಆ ಮಾರ್ಗ ಈಗಲೂ ಮಾರಾಟದಲ್ಲಿದೆ, ಬಹಳ ಜನ ಮೆಚ್ಚಿದ್ದಾರೆಂದು ಮಗಳು ಹೇಳುತ್ತಾಳೆ. ವಕೀಲೆ ಬೆನ್ನುಬಿಡದೆ ಬರೆದದ್ದರಿಂದ, ಆಟದ ಕೊನೆಯಲ್ಲಿ ಓಡುವ ಸಣ್ಣ ಅಕ್ಷರದ ಪಟ್ಟಿಯಲ್ಲಿ ಆಕೆಯ ಹೆಸರು ಸೇರಿದೆ. ಗಂಡನ ಹೆಸರಿಲ್ಲ. ಅವರದ್ದೇನೂ ಅದರಲ್ಲಿ ಉಳಿದಿಲ್ಲವಾದ್ದರಿಂದ ಸೇರಿಸುವಂತಿಲ್ಲವಂತೆ. ಗಾರ್ಡ್ ಹೊಸದನ್ನು ಕೊಂಡು, ಸ್ಪೀಕರ್ ಬಂದ್ ಮಾಡಿ ಓಡಿಸುತ್ತಾರೆ. ಆಕೆ ಕಂಪ್ಯೂಟರನ್ನು ಮಗಳ ಕೋಣೆಗೆ ಕಳಿಸಿದ್ದಾಳೆ. ಮತ್ತೊಂದು ಮಾರ್ಗ ಕಟ್ಟಿರೆಂದು ಎಲ್ಲಿಂದಲೋ ಈಗಲೂ ಪತ್ರಗಳು ಬರುತ್ತವೆ. ಕೈ ಬರುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಉತ್ತರ ಬರೆಸುತ್ತಾಳೆ.