ಹಸುವಿನ ಕೊರಳಲ್ಲಿ ಕಂಚು

ಬತ್ತಲಗುಂಡು ಬಸ್ ಸ್ಟ್ಯಾಂಡಿನಲ್ಲಿ ಹುರಿದ ಕಡಲೆಕಾಯಿ ಕೊಂಡೆ. ಕಡಲೆಕಾಯಿ ಚೆನ್ನಾಗಿಯೇ ಇತ್ತು. ಹೊಟ್ಟೆ ಉರಿಸಿದ್ದು ಅದನ್ನು ಕಟ್ಟಿಕೊಟ್ಟ ಕಾಗದ. ಹಳೆಯ ತಮಿಳು ಪತ್ರಿಕೆಯ ಕ್ರೀಡಾಪುಟ, ಅದರಲ್ಲಿ ದೇಶಗಳ ಪದಕಪಟ್ಟಿ. ಓದು ಬಲ್ಲವರಿಗೆ ಇದೊಂದು ಕಾಯಿಲೆ ನೋಡಿ, ಪೊಟ್ಟಣದ ಕಾಗದವನ್ನೂ ಬಿಡುವುದಿಲ್ಲ. ನನ್ನ ಕಣ್ಣು ನಮ್ಮ ದೇಶವನ್ನು ಹುಡುಕುತ್ತಾ ಇಳಿಯಿತು, ಇಳಿಯಿತು, ಇಳಿಯುತ್ತಲೇ ಹೋಯಿತು. ಕೊನೆಗೆ ಸಿಕ್ಕಿತು. ಬೆಳ್ಳಿ, ಕಂಚು ಸೇರಿ ಒಂದು ಹಿಡಿ ಪದಕ ನಮ್ಮದು. ಅದರ ಮೇಲೆ ಯಾವುದೋ ಪುಟ್ಟ ದೇಶ ಒಂದೇ ಒಂದು ಚಿನ್ನ ಹಿಡಿದು ಕಾಲ ಮೇಲೆ ಕಾಲು ಹಾಕಿ ಕೂತಿತ್ತು.

ಆ ದೇಶದ ಮೇಲೆ ನನಗೇನೂ ಸಿಟ್ಟಿಲ್ಲ. ಪಾಪ, ಗೆದ್ದವನು ಬೆವರು ಬಸಿದೇ ಗೆದ್ದಿರುತ್ತಾನೆ. ಸಿಟ್ಟು ಪಟ್ಟಿ ಬರೆದವರ ಮೇಲೆ. ಮೊದಲು ಚಿನ್ನ ಎಣಿಸಬೇಕಂತೆ. ಅದು ಸಮವಾದರೆ ಮಾತ್ರ ಬೆಳ್ಳಿ, ಅದೂ ಸಮವಾದರೆ ಕಂಚು. ಅಂದರೆ ಮೂಟೆಗಟ್ಟಲೆ ಬೆಳ್ಳಿ ಹೊತ್ತು ತಂದರೂ ಒಂದು ಚಿನ್ನದ ಕೆಳಗೇ ಬಿದ್ದಿರಬೇಕು. ತಮಾಷೆ ಏನೆಂದರೆ, ಅಷ್ಟು ದೊಡ್ಡ ಆಟ ನಡೆಸುವವರು ಸ್ಪರ್ಧೆ ಇರುವುದು ಆಟಗಾರರ ನಡುವೆ, ದೇಶಗಳ ನಡುವೆ ಅಲ್ಲ ಅನ್ನುತ್ತಾರಂತೆ. ಮೇಲೆ ಕೆಳಗೆ ಮಾಡಿ ಕೂರಿಸುವವರು ಪತ್ರಿಕೆಯವರು, ಟೀವಿಯವರು. ಕೆಲವು ಕಡೆ ಒಟ್ಟು ಪದಕಗಳನ್ನೇ ಎಣಿಸುವುದೂ ಉಂಟಂತೆ. ಹಾಗಾದರೆ ಇದೇನು ಬ್ರಹ್ಮ ಬರೆದ ಬರಹವಲ್ಲ ತಾನೆ?

ನಾನು ಇಷ್ಟು ಉರಿಯಲು ಕಾರಣ ದೇಶವಲ್ಲ, ಮಗಳು. ಪೆರಿಯಕುಳಂ ಹಾಸ್ಟೆಲಿನಲ್ಲಿದ್ದು ಓದುವ ನನ್ನ ಮಗಳು ಮಲರ್ ನಿನ್ನೆ ಫೋನು ಮಾಡಿದ್ದಳು. ಓಟದಲ್ಲಿ ಕಂಚು ಗೆದ್ದಿದ್ದಾಳೆ. ಆದರೆ ಇವತ್ತು ಮಧ್ಯಾಹ್ನ ತೇನಿಯಲ್ಲಿ ಜಿಲ್ಲಾ ತಂಡದ ಆಯ್ಕೆಗೆ ಶಾಲೆಯವರು ಚಿನ್ನದವರನ್ನು ಮಾತ್ರ ಕರೆದೊಯ್ಯುತ್ತಾರಂತೆ. ಚಿನ್ನ ತಂದರಷ್ಟೇ ಶಾಲೆ ಪಟ್ಟಿಯಲ್ಲಿ ಮೇಲೇರುವುದು ಎಂದರಂತೆ. ನಾನು ಏನಂದೆ ಗೊತ್ತೆ? "ಹೋಗ್ಲಿ ಬುಡು ಮಗಾ, ಬರೋ ವರ್ಷ ನೋಡಾನ" ಅಂದೆ. ಸಮಾಧಾನಕ್ಕೆಂದು ಚಕ್ಕುಲಿ ಕಟ್ಟಿಕೊಂಡು ಈಗ ಅವಳನ್ನು ನೋಡಲು ಹೊರಟಿದ್ದೆ.

ನನ್ನ ದೊಡ್ಡವ್ವ ಚೌಡಮ್ಮ ಈ ಮಾತು ಕೇಳಿದ್ದರೆ ನನ್ನ ಕಿವಿ ಹಿಂಡುತ್ತಿದ್ದಳು.

ಓಡೈಪಟ್ಟಿಯಲ್ಲಿ ದ್ರಾಕ್ಷಿತೋಟ ಅವಳದು. ನಾವು ಕನ್ನಡದವರು, ಯಾವ ಕಾಲದಲ್ಲಿ ತಮಿಳು ಸೀಮೆಯ ಈ ಕಣಿವೆಗೆ ಬಂದೆವೋ ಯಾರಿಗೂ ನೆನಪಿಲ್ಲ. ನಮ್ಮ ಕನ್ನಡ ಕೇಳಿದ ಬೆಂಗಳೂರಿನವರು ಇದು ತಮಿಳು ಅನ್ನುತ್ತಾರೆ, ಇಲ್ಲಿಯವರು ಇದೆಂಥ ತಮಿಳು ಅನ್ನುತ್ತಾರೆ. ಅಲ್ಲೂ ನಮಗೆ ಚಿನ್ನ ಇಲ್ಲ ಅನ್ನಿ. ದೊಡ್ಡವ್ವನಿಗೆ ಅದರ ಚಿಂತೆಯೇ ಇರಲಿಲ್ಲ. ಅವಳು ದನಗಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಳು, ವ್ಯಾಪಾರಿಗಳನ್ನು ತಮಿಳಿನಲ್ಲಿ ಬಯ್ಯುತ್ತಿದ್ದಳು.

ನಾನು ಶಾಲೆಯಲ್ಲಿದ್ದಾಗ ಒಂದು ವರ್ಷ ನಮ್ಮೂರ ಹುಡುಗಿಯರೆಲ್ಲ ಓಟ, ಜಿಗಿತ ಎಂದು ಹುಚ್ಚು ಹಿಡಿದವರಂತೆ ಆಡಿ ಬೆಳ್ಳಿ, ಕಂಚು ಬಾಚಿಕೊಂಡು ಬಂದೆವು. ಚಿನ್ನ ಒಂದೂ ಇಲ್ಲ. ಹುಡುಗರಿಗೆ ಈಟಿ ಎಸೆತದಲ್ಲಿ ಒಂದು ಚಿನ್ನ, ಮಿಕ್ಕಿದ್ದೆಲ್ಲ ಸೊನ್ನೆ. ಆಟದ ವಾದ್ಯಾರರು, ಅಂದರೆ ನಿಮ್ಮ ಕಡೆಯ ಮೇಷ್ಟರು, ಬೋರ್ಡಿನ ಮೇಲೆ ಹುಡುಗರನ್ನು ಮೇಲೆ ಬರೆದರು, ನಮ್ಮನ್ನು ಕೆಳಗೆ. ಬರೆದುಕೊಳ್ಳಲಿ, ನಮ್ಮ ಗಂಟೇನು ಹೋಯಿತು ಎಂದರೆ, ದಿಂಡಿಗಲ್ಲಿನ ತರಬೇತಿ ಶಿಬಿರಕ್ಕೂ ಹುಡುಗರೇ ಎಂದುಬಿಟ್ಟರು. ನಮಗೆ ಓಟದ ಆ ಸಂಜೆಗಳು ಬಿಟ್ಟರೆ ಮನೆ, ತೋಟ, ಪಾತ್ರೆ. ಅವೂ ಹೋದವಲ್ಲ ಎಂದು ನಾನು ಗೋಳೋ ಎಂದು ಅತ್ತೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಬೆಲೆಬಾಳುವುದು ಏನು ಬಂದರೂ ಮೊದಲು ದನಕ್ಕೆ. ಹೊಸ ಸೀರೆಯ ಸೆರಗನ್ನು ಹಸುವಿನ ಬೆನ್ನಿಗೆ ಸೋಕಿಸಿಯೇ ಉಡುವುದು, ಹೊಸ ಬಳೆಯನ್ನು ಕೊಂಬಿಗೆ ಮುಟ್ಟಿಸಿಯೇ ತೊಡುವುದು. ಮಾಟ್ಟುಪ್ಪೊಂಗಲ್ ದಿನ, ಅಂದರೆ ದನಗಳ ಹಬ್ಬದಂದು, ದೊಡ್ಡವ್ವ ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಎಲ್ಲ ಹುಡುಗಿಯರ ಪದಕಗಳನ್ನೂ ತರಿಸಿ ಅವುಗಳ ಕೊರಳಿಗೆ ಕಟ್ಟಿಬಿಟ್ಟಳು. ನನ್ನ ಕಂಚಿನ ರಿಬ್ಬನ್ನನ್ನು ಒಂದು ಕರು ಅರ್ಧ ತಿಂದೂಬಿಟ್ಟಿತು. ನಾನು ಮತ್ತೆ ಅಳು ಶುರು ಮಾಡುವಷ್ಟರಲ್ಲಿ ಅವಳು ದನಗಳನ್ನು ಹೊಡೆದುಕೊಂಡು ಹೊರಟೇಬಿಟ್ಟಿದ್ದಳು, ಸೀದಾ ಪೊಂಗಲ್ ಆಟಗಳು ನಡೆಯುತ್ತಿದ್ದ ಬಯಲಿಗೆ. ವಾದ್ಯಾರರು ತೀರ್ಪುಗಾರರಾಗಿ ಕುರ್ಚಿಯಲ್ಲಿ ಕೂತಿದ್ದರು.

"ಎಣ್ಸಿ ವಾದ್ಯಾರೇ" ಅಂದಳು.

ವಾದ್ಯಾರರ ಕಣ್ಣು ಕೆಂಪಾಯಿತು. "ಏನಮ್ಮಾ ಇದು! ಪದಕಾನ ದನದ ಕುತ್ತಿಗೆಗೆ ಕಟ್ಟೋದಾ? ಅವಮಾನ ಅಲ್ಲವಾ?"

"ನಮ್ಮಟ್ಟೀಲಿ ಇದ್ಕಿಂತ ದೊಡ್ ಮರ್ವಾದೆ ಇಲ್ಲ. ನೀವು ಎಣ್ಸಿ."

"ತಂಗಂ ಒಂದೂ ಇಲ್ಲವೇಮ್ಮಾ!" ಚಿನ್ನ ಎನ್ನುವಾಗ ಅವರ ದನಿ ಮೃದುವಾಯಿತು.

"ಒಂದ್ ಹಸು ಒಂದಿನ ಕೊಡ ತುಂಬ ಕರ್ದು ಆಮೇಲೆ ಬತ್ಕೊಂಡ್ರೆ ಅದ್ನ ಮಡಿಕ್ಕಂಡು, ದಿನಾ ಚೆಂಬು ಚೆಂಬು ಕೊಡೋ ಹಸಾನೆಲ್ಲ ಸಂತೆಗೆ ಹೊಡೀತೀರಾ?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ವಾದ್ಯಾರರು ನಗಲಿಲ್ಲ. "ನಾನ್ ಮಾಡಿದ ರೂಲ್ಸಾ ಇದು? ಪ್ರಪಂಚವೆಲ್ಲ ಹಿಂಗೇಮ್ಮಾ" ಅಂದರು.

"ಪ್ರಪಂಚ ಬಂದು ನನ್ ಹೆಣ್ಮಕ್ಕಳ್ನ ಮನೇಲಿ ಕೂರುಸ್ತಾ? ಕೂರುಸ್ತಿರೋರು ನೀವು."

ವಾದ್ಯಾರರು ಕುರ್ಚಿಯನ್ನು ಆಟದ ಕಡೆಗೆ ತಿರುಗಿಸಿಕೊಂಡರು. ಬೋರ್ಡನ್ನು ತಿದ್ದಲಿಲ್ಲ. ಕತೆಗಳಲ್ಲಿ ಇಂಥ ಕಡೆ ಮೇಷ್ಟರ ಮನಸ್ಸು ಕರಗಿಬಿಡುತ್ತದೆ. ನಮ್ಮ ವಾದ್ಯಾರರು ಕರಗುವ ಜಾತಿಯಲ್ಲ. ಶಿಬಿರಕ್ಕೆ ಹುಡುಗರೇ ಹೋದರು.

ದೊಡ್ಡವ್ವನೂ ಕೈಕಟ್ಟಿ ಕೂರುವ ಪೈಕಿ ಅಲ್ಲ. ದಿಂಡಿಗಲ್ ಮಾರ್ಕೆಟ್ಟಿಗೆ ಹೊರಟ ದ್ರಾಕ್ಷಿ ವ್ಯಾನಿನಲ್ಲಿ ಕ್ರೇಟುಗಳ ಸಂದಿಗೆ ನಮ್ಮನ್ನು ತುರುಕಿ ಶಿಬಿರದ ಗೇಟಿಗೇ ತಂದು ಇಳಿಸಿದಳು. ಲಂಗಗಳಿಗೆಲ್ಲ ದ್ರಾಕ್ಷಿ ರಸ ಮೆತ್ತಿತ್ತು. ಅಲ್ಲಿ ತರಬೇತಿ ಕೊಡುತ್ತಿದ್ದ ಒಬ್ಬ ಮೇಡಂ ನಮ್ಮ ಅವತಾರ ನೋಡಿ, "ಕರೆಯದೆ ಬಂದಿರಾ?" ಅಂದರು. "ಕರ್ಯೋಗಂಟ ಕೂತಿದ್ರೆ ಇವ್ಕೆ ಮುದಿವಯಸ್ಸಾಯ್ತದೆ ತಾಯಿ. ಒಂದ್ಸಲ ಓಡ್ಸಿ ನೋಡಿ" ಅಂದಳು ದೊಡ್ಡವ್ವ. ಓಡಿಸಿದರು. ಇಬ್ಬರನ್ನು ಇರಿಸಿಕೊಂಡರು.

ಆ ಇಬ್ಬರಲ್ಲಿ ನಾನಿರಲಿಲ್ಲ. ಸೋತೆ, ಅದೂ ಚೆನ್ನಾಗಿಯೇ ಸೋತೆ. ವಾಪಸು ಬರುವಾಗ ಖಾಲಿ ಕ್ರೇಟಿನ ಮೇಲೆ ಮುಖ ಉಬ್ಬಿಸಿ ಕೂತವಳನ್ನು ದೊಡ್ಡವ್ವ ಗದರಿಸಿದಳು: "ಓಡಿ ಸೋತೆ ತಾನೆ? ಕೂತ್ಕಂಡು ಸೋಲ್ನಿಲ್ವಲ್ಲ. ಮೂತಿ ಒರುಸ್ಕೋ."

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಬಸ್ಸು ಪೆರಿಯಕುಳಂ ಕಡೆಯ ಮಾವಿನ ತೋಟಗಳನ್ನು ದಾಟುತ್ತಿತ್ತು. ನಾನು ಸೋತದ್ದು ಓಟದಲ್ಲಿ. ನನ್ನ ಮಗಳನ್ನು ನಾನು ಓಡುವುದಕ್ಕೆ ಮೊದಲೇ ಸೋಲಿಸುತ್ತಿದ್ದೆ, ಅದೂ "ಹೋಗ್ಲಿ ಬುಡು" ಎಂದು ಮುದ್ದು ಮಾಡುತ್ತಾ. ಥೂ! ಫೋನು ತೆಗೆದೆ. ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಮಾತಾಡಿದೆನಂತೆ, ಆಮೇಲೆ ಪಕ್ಕದವರು ಹೇಳಿದರು.

"ಮಲರು, ಬೂಟು ಹಾಕ್ಕಂಡು ಗೇಟ್ ತಾವ ನಿಂತಿರು. ವಾರ್ಡನ್ನಿಗೆ ನಾ ಹೇಳ್ತೀನಿ. ತೇನಿಗೆ ಹೋಗಾನ."

ನನ್ನ ಮಗಳಿಗೆ ನಮ್ಮ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಸದಾ ತಮಿಳು. ಇವತ್ತು ಗಾಬರಿಗೋ ಸಂತೋಷಕ್ಕೋ ಅವಳ ಬಾಯಲ್ಲಿ ಕನ್ನಡವೇ ಬಂತು.

"ಅಮ್ಮಾ, ನನ್ ಹೆಸ್ರೇ ಇಲ್ವಲ್ಲಮ್ಮಾ ಪಟ್ಟೀಲಿ!"

"ಹೆಸ್ರಿಲ್ದಿದ್ರೆ ಏನ್ ಮಗಾ, ಕಾಲೈತಲ್ಲ. ಹೊರ್ಡು!"