ವಸಂತಕುಮಾರರ ಒಂದೂಕಾಲು ಜಿಬಿ

ವಸಂತಕುಮಾರ ಸುವರ್ಣರಿಗೆ ಯಾವುದನ್ನೂ ಬಿಸಾಡಿ ಗೊತ್ತಿಲ್ಲ. ಡೊಂಬಿವಲಿಯ ಅವರ ಮನೆಗೆ ಮೊದಲ ಸಲ ಹೋದಾಗ ಕೂರಲು ಜಾಗ ಮಾಡಿಕೊಳ್ಳುವುದಕ್ಕೇ ನನಗೆ ಐದು ನಿಮಿಷ ಹಿಡಿಯಿತು. ಅವಧಿ ಮುಗಿದ ಲೋಕಲ್ ರೈಲಿನ ಪಾಸುಗಳ ಕಟ್ಟು, ಕೆಟ್ಟುಹೋದ ಮಿಕ್ಸರು, ಅದರ ಖಾಲಿ ಪೆಟ್ಟಿಗೆ, ಯಾರ್ಯಾರದೋ ಮದುವೆಯ ಕರೆಯೋಲೆಗಳು, ಎಲ್ಲವೂ ಸೋಫಾದ ಮೇಲೆ ನನಗಿಂತ ಮೊದಲೇ ಬಂದು ಕೂತಿದ್ದವು. "ಇರಲಿ ಮಾರಾಯಾ, ಯಾವಾಗಾದ್ರೂ ಬೇಕಾಗ್ತದೆ" ಎಂದರು. ಈ ಮಾತು ಕೇಳಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ನವೀ ಮುಂಬಯಿಯ ಮಹಾಪೆಯ ಆಫೀಸಿನಲ್ಲಿ ಹತ್ತು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತವನು ನಾನು, ಉರಿದುಕೊಳ್ಳುವ ಹಕ್ಕು ನನಗಿದೆ.

ಅವರು ಕಾಪು ಕಡೆಯವರು. ಹತ್ತೊಂಬತ್ತನೇ ವಯಸ್ಸಿಗೆ ಮುಂಬಯಿ ಪಕ್ಕದ ಕಲ್ಯಾಣಕ್ಕೆ ಬಂದು ಸೋದರಮಾವನ ಹೋಟೆಲಿನಲ್ಲಿ ಕೆಲಸಕ್ಕೆ ನಿಂತರು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಸ್ಟೇಷನ್ ಪಕ್ಕದ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಪ್ರೋಗ್ರಾಮ್ ಬರೆಯಲು ಕಲಿತರು. ಕೊನೆಗೆ ನಮ್ಮ ಕಂಪನಿ ಸೇರಿದರು. ಯಾವ ಕಂಟೇನರು ಯಾವ ಹಡಗಿನಲ್ಲಿದೆ ಎಂದು ಹೇಳುವ ತಂತ್ರಾಂಶ ನಮ್ಮದು. ಅವರು ಬರೆಯುತ್ತಿದ್ದರು, ನಾನು ಅದರಲ್ಲಿ ತಪ್ಪು ಹುಡುಕುತ್ತಿದ್ದೆ. ಹಾಗೆ ನೋಡಿದರೆ ನಾವು ಜಗಳವಾಡಬೇಕಿತ್ತು. ಆದರೆ ಇಬ್ಬರನ್ನೂ ಕಟ್ಟಿಹಾಕಿದ್ದು ನಾಟಕದ ಹುಚ್ಚು.

ಡೊಂಬಿವಲಿಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಬರೆಯುವುದು ಅವರು, ಅದರಲ್ಲಿ ಪ್ಯೂನನ ಪಾರ್ಟು ಮಾಡುವುದು ನಾನು. ಯಾವ ನಾಟಕವಾದರೂ ನನಗೆ ಪ್ಯೂನೇ. ಅವರ ಮೊದಲ ಮೂರು ನಾಟಕಗಳು 2005ರ ಜುಲೈ ಮಳೆಯಲ್ಲಿ ಹೋದವು. ಆಗ ಅವರ ಮನೆ ನೆಲಮಹಡಿಯಲ್ಲಿತ್ತು. ನೀರು ಇಳಿದ ಮೇಲೆ ಕಂಪ್ಯೂಟರನ್ನು ತಲೆಕೆಳಗು ಮಾಡಿ ಹಿಡಿದರೆ ಕೆಸರು ಸುರಿಯಿತು. ಏನನ್ನೂ ಬಿಸಾಡದ ಮನುಷ್ಯ ಬರೆದದ್ದನ್ನೆಲ್ಲ ಕಳೆದುಕೊಂಡು ಎರಡು ದಿನ ಅನ್ನ ಮುಟ್ಟಲಿಲ್ಲ.

ಮರುವರ್ಷ ಬರೆದದ್ದೇ "ಸಾಹೇಬರ ಮೀಸೆ ಮೀಟಿಂಗಿನಲ್ಲಿದೆ." ಅದು ನಮ್ಮ ಮ್ಯಾನೇಜರ್ ಜಯೇಶನ ಮೇಲೆ ಬರೆದದ್ದು ಎಂದು ಆಫೀಸಿನ ಲಿಫ್ಟಿಗೂ ಗೊತ್ತಾಗುವಂತಿತ್ತು. ಅವನ ನಡಿಗೆ, ನೆಟಿಗೆ ಮುರಿದು ಬೆರಳು ಮಟಮಟಿಸುವ ಅವನ ಚಟ, ಎಲ್ಲ ಇತ್ತು. ಸಾಹೇಬನ ಪಾತ್ರಕ್ಕೆ ಗಂಡಸರು ಯಾರೂ ಸರಿಹೊಂದದೆ ವಸಂತಕುಮಾರರ ಹೆಂಡತಿ ಜಲಜಾಕ್ಷಿಯವರೇ ಮೀಸೆ ಅಂಟಿಸಿಕೊಂಡು ನಿಂತರು. ಬೇಲಾಪುರದ ಸರಕಾರಿ ಕಚೇರಿಯಲ್ಲಿ ಕೆಲಸ ಮಾಡುವ ಅವರಿಗೆ ಸಾಹೇಬರುಗಳ ಅಭ್ಯಾಸ ಚೆನ್ನಾಗಿತ್ತು. ಜನ ಕುರ್ಚಿಯಿಂದ ಬೀಳುವಂತೆ ನಕ್ಕರು. ನಾಟಕ ಆಡಿದ್ದು ಅದೊಂದೇ ಸಲ.

ವೀಡಿಯೊ ತೆಗೆದವನು ಒಂದೇ ಒಂದು ಡಿಸ್ಕ್ ಕೊಟ್ಟು, ಮೂಲ ಟೇಪಿನ ಮೇಲೆ ಕಲ್ಯಾಣದ ಯಾವುದೋ ಮದುವೆ ತುಂಬಿಸಿಬಿಟ್ಟಿದ್ದ. ಪ್ರವಾಹ ಕಂಡ ವಸಂತಕುಮಾರರಿಗೆ ಮನೆಯ ಮೇಲೆ ನಂಬಿಕೆ ಇರಲಿಲ್ಲ. ಅವರ ನಂಬಿಕೆಯೆಲ್ಲ ಆಫೀಸಿನ ಕೋಡ್ ಭಂಡಾರದ ಮೇಲೆ. ನಾವು ಬರೆದ ಪ್ರತಿಯೊಂದು ಸಾಲೂ, ಮಾಡಿದ ಪ್ರತಿಯೊಂದು ಬದಲಾವಣೆಯೂ ತಾರೀಖು ಮತ್ತು ಹೆಸರಿನ ಸಮೇತ ಅಲ್ಲಿ ಜಮೆಯಾಗುತ್ತಿತ್ತು. ಅಳಿಸಿದರೂ ಅದರ ಇತಿಹಾಸದೊಳಗೆ ಉಳಿಯುತ್ತಿತ್ತು. ದಿನವೂ ಅದರ ನಕಲು ಬೇರೆ ಕಟ್ಟಡಕ್ಕೆ ಹೋಗುತ್ತಿತ್ತು. ಏನನ್ನೂ ಬಿಸಾಡದ ಇಂಥ ಯಂತ್ರವನ್ನು ತನಗಾಗಿಯೇ ಮಾಡಿದ್ದಾರೆಂದು ಅವರು ಭಾವಿಸಿದ್ದರು. ಒಂದು ದಿನ ನಾಟಕದ ವೀಡಿಯೊವನ್ನು "ಹಳೇ ಕಂಟೇನರ್ ಪಟ್ಟಿ" ಎಂಬ ಹೆಸರಿನಲ್ಲಿ ಅದಕ್ಕೆ ತುಂಬಿಸಿದರು. ಮರುದಿನ ಅಳಿಸಿದರು. ಮೇಲೆ ಕಾಣದು, ಒಳಗೆ ಭದ್ರ. ತೂಕ ಒಂದೂಕಾಲು ಜಿಬಿ.

"ನವೀ ಮುಂಬಯಿಯಲ್ಲಿ ಇದಕ್ಕಿಂತ ಗಟ್ಟಿ ಲಾಕರ್ ಇಲ್ಲ ನೋಡು" ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನೂ ನಕ್ಕೆ. ಈಗ ಯೋಚಿಸಿದರೆ ಅಲ್ಲೇ ಬೆನ್ನಿಗೆ ಎರಡು ಬಿಡಬೇಕಿತ್ತು.

ಎರಡು ವರ್ಷ ಕಳೆದ ಮೇಲೆ ಗಿರಾಕಿಯ ಒತ್ತಾಯಕ್ಕೆ ಆಫೀಸಿನಲ್ಲಿ ಬಿಗಿ ಬಂತು. ಕಂಪ್ಯೂಟರುಗಳ ಪೆನ್‌ಡ್ರೈವ್ ತೂತುಗಳನ್ನೆಲ್ಲ ಮುಚ್ಚಿದರು, ಡಿಸ್ಕ್ ಬರೆಯುವ ಡಬ್ಬಗಳನ್ನು ಕಿತ್ತರು, ದೊಡ್ಡ ಮೇಲ್ ಹೊರಗೆ ಹೋಗದಂತೆ ಮಾಡಿದರು. ಏನಾದರೂ ಹೊರಗೆ ಒಯ್ಯಬೇಕಾದರೆ ಜಯೇಶನ ಸಹಿ ಬೇಕು. ಅದೇ ಮಳೆಗಾಲದಲ್ಲಿ ಮನೆಯಲ್ಲಿದ್ದ ಡಿಸ್ಕಿಗೆ ಬೂಷ್ಟು ಹಿಡಿಯಿತು. ಅಂದರೆ ನಾಟಕ ಉಳಿದದ್ದು ಆಫೀಸಿನ ಭಂಡಾರದಲ್ಲಿ ಮಾತ್ರ. ಅದನ್ನು ಹೊರಗೆ ತರಬೇಕಾದರೆ, ಯಾರನ್ನು ಗೇಲಿ ಮಾಡಿದ್ದರೋ ಅವನ ಸಹಿಯೇ ಬೇಕು.

ಆದರೂ ಯಾರಿಗೂ ತೊಂದರೆ ಇರಲಿಲ್ಲ. ಹಳೆಯ ಪದ್ಧತಿಯಲ್ಲಿ ಇತಿಹಾಸವೆಲ್ಲ ನಡುವಿನ ಸರ್ವರಿನಲ್ಲೇ ಕೂತಿರುತ್ತಿತ್ತು. ನಮಗೆ ಸಿಗುತ್ತಿದ್ದದ್ದು ಇವತ್ತಿನ ಕೋಡು ಮಾತ್ರ. 2011ರಲ್ಲಿ ಕಂಪನಿ ಹೊಸ ಪದ್ಧತಿಗೆ ಬದಲಾಯಿತು. ಇದರಲ್ಲಿ ಪ್ರತಿಯೊಬ್ಬರ ಯಂತ್ರಕ್ಕೂ ಭಂಡಾರದ ಪೂರ್ತಿ ಇತಿಹಾಸ ಬರುತ್ತದೆ. ಅಲ್ಲಿಗೆ ಜಲಜಾಕ್ಷಿಯವರ ಮೀಸೆ ಎಲ್ಲರ ಕಂಪ್ಯೂಟರಿಗೂ ಯಾರ ಕಣ್ಣಿಗೂ ಬೀಳದೆ ಹೊರಟಿತು.

ಮಹಾಪೆಯಲ್ಲಿ ಅದು ಅಷ್ಟಾಗಿ ತಿಳಿಯಲಿಲ್ಲ. ಒದ್ದಾಡಿದ್ದು ಬೇಲಾಪುರದ ನಮ್ಮ ಶಾಖೆ. ಅಲ್ಲಿಗಿದ್ದದ್ದು ಬಡಕಲು ಇಂಟರ್ನೆಟ್ ಲೈನು. ಅಲ್ಲಿನ ಪರೀಕ್ಷೆಯ ಯಂತ್ರ ದಿನವೂ ಬೆಳಿಗ್ಗೆ ಎಲ್ಲವನ್ನೂ ಹೊಸದಾಗಿ ತರಿಸಿಕೊಳ್ಳಬೇಕು, ಅದು ಮುಗಿಯದೆ ಉಳಿದವರ ಕೆಲಸ ಶುರುವಾಗದು. ಎರಡು ಗಂಟೆ ಹತ್ತು ನಿಮಿಷ! ಹದಿನೇಳು ಜನ ಅಷ್ಟು ಹೊತ್ತು ಚಹಾ ಕುಡಿಯುತ್ತ ಕೂರುತ್ತಿದ್ದರು. ಜಯೇಶ್ ನಮ್ಮ ಮೇಜಿಗೆ ಬಂದು ಬೆರಳು ಮಟಮಟಿಸಿದ.

"ವಸಂತ್, ಆಪ್ ಸಬ್‌ಸೇ ಪುರಾನೇ ಹೋ. ಏ ಬೇಲಾಪುರ ಕಾ ಲಫಡಾ ಖತಮ್ ಕರೋ" ಎಂದ. ಎಲ್ಲರಿಗಿಂತ ಹಳಬರು ನೀವು, ಈ ಗೋಜಲನ್ನು ನೀವೇ ಮುಗಿಸಿ ಎಂದು ಅಪ್ಪಣೆ.

"ಹೋ ಜಾಯೇಗಾ ಸರ್" ಎಂದರು ವಸಂತಕುಮಾರರು. ಅವನ ಎದುರಿಗೇ ನನ್ನ ಕಡೆ ತಿರುಗಿ, "ಈ ಮಟಮಟ ರಾಯನಿಗೆ ಕಳ್ಳನನ್ನು ಹುಡುಕಲು ನಾನೇ ಸಿಕ್ಕಿದ್ದಾ ಮಾರಾಯಾ?" ಎಂದು ಕನ್ನಡದಲ್ಲಿ ಗೊಣಗಿದರು. ಅವನ ಮುಂದೆ ಕನ್ನಡದಲ್ಲಿ ಬೈಯುವುದು ನಮಗೆ ಬೆಳಗಿನ ಕಾಫಿಯಷ್ಟು ರೂಢಿಯಾಗಿತ್ತು.

ಆಮೇಲೆ ನಡೆದದ್ದನ್ನು ಹೇಳಿದರೆ ನಗಬೇಡಿ. ತನ್ನ ಒಂದೂಕಾಲು ಜಿಬಿಯನ್ನು ಮುಟ್ಟದೆ ಉಳಿದದ್ದನ್ನೆಲ್ಲ ಚುರುಕು ಮಾಡಲು ಆ ಮನುಷ್ಯ ಟೊಂಕ ಕಟ್ಟಿದರು. ದಪ್ಪ ಪುಸ್ತಕಗಳನ್ನು ತರಿಸಿ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ನಿಂತ ಕಂಪನಿ ಬಸ್ಸಿನಲ್ಲಿ ಓದಿದರು. ಬೇಲಾಪುರದ ಯಂತ್ರ ಒಂದೊಂದು ತುಣುಕನ್ನೂ ಕೇಳಿ, ಅದು ಬರುವ ತನಕ ಕಾದು, ಆಮೇಲೆ ಮುಂದಿನದನ್ನು ಕೇಳುತ್ತಿತ್ತು. ಹೋಟೆಲಿನಲ್ಲಿ ದುಡಿದವರಿಗೆ ಇದು ಸಹಿಸುತ್ತದೆಯೇ? "ಇಡ್ಲಿ ತಿಂದು ಮುಗಿಸಿ ಆಮೇಲೆ ಚಟ್ನಿ ಕೇಳುವ ಗಿರಾಕಿ ಇದು" ಎಂದು ಬೈದು, ಬೇಕಾದದ್ದನ್ನೆಲ್ಲ ಒಂದೇ ಸಲ ಕೇಳುವಂತೆ ಮಾಡಿದರು. ಒಂದೇ ಕೋಡಿನ ನೂರಾರು ಹಳೆಯ ರೂಪಗಳನ್ನು ಪೂರ್ತಿ ಕಳಿಸುವ ಬದಲು ಅವುಗಳ ನಡುವಿನ ವ್ಯತ್ಯಾಸವನ್ನಷ್ಟೇ ಒತ್ತಿ ಕಟ್ಟಿದರು. ಇತ್ತೀಚಿನದನ್ನು ಮಾತ್ರ ತರಿಸೋಣ ಎಂದರೆ, ಇತಿಹಾಸ ಪೂರ್ತಿ ಇರಬೇಕೆಂದು ಗಿರಾಕಿಯ ಕರಾರು. ಒಂದು ತಿಂಗಳಲ್ಲಿ ಎರಡು ಗಂಟೆ ಹತ್ತು ನಿಮಿಷ ಒಂದೂವರೆ ಗಂಟೆಗೆ ಇಳಿಯಿತು. ಕಳ್ಳತನ ಮುಚ್ಚಲು ಹೋಗಿ ಅವರು ನಿಜವಾದ ಪಂಡಿತರಾದದ್ದು ಹೀಗೆ. ಆದರೆ ಒಂದೂವರೆ ಗಂಟೆಯಿಂದ ಕೆಳಗೆ ಅದು ಒಂದು ನಿಮಿಷವೂ ಇಳಿಯಲಿಲ್ಲ.

ಇಳಿಯದ ಕಾರಣವನ್ನು ಹುಡುಕಿದವಳು ಅನುಷ್ಕಾ. ಬೇಲಾಪುರ ಶಾಖೆಯ ಇಪ್ಪತ್ತಮೂರರ ಹುಡುಗಿ. ಭಂಡಾರದಲ್ಲಿ ಅತಿ ಭಾರದ ವಸ್ತು ಯಾವುದೆಂದು ನಾಲ್ಕು ಸಾಲಿನಲ್ಲಿ ಕೇಳಿ, ಉತ್ತರ ಬಂದ ಕೂಡಲೇ ವಸಂತಕುಮಾರರಿಗೆ ಫೋನ್ ಮಾಡಿದಳು.

"ಅಂಕಲ್, 2006 ಕಾ ಕೋಯೀ ಹಳೇ ಕಂಟೇನರ್ ಪಟ್ಟಿ ಹೈ. ಆಪ್ಕಾ ನಾಮ್ ಹೈ. ಉಡಾ ದೂಂ ಕ್ಯಾ?" ಅಳಿಸಿಬಿಡಲೇ ಎಂದು ಕೇಳುತ್ತಿದ್ದಳು.

"ನಹೀಂ ಬೇಟಾ" ಎಂದರು ವಸಂತಕುಮಾರರು. ಅವರ ಮುಖ ಬಿಳಿಚಿತ್ತು. ಅದನ್ನು ತಾನೇ ತೆಗೆಯುತ್ತೇನೆ ಎಂದು ಹೇಳಿ ಫೋನ್ ಇಟ್ಟರು.

ಈಗ ಎರಡೇ ದಾರಿ. ಜಯೇಶನ ಬಳಿ ಹೋಗಿ, ಸರ್, ಇದರಲ್ಲಿ ನಿಮ್ಮನ್ನು ಮಂಗ ಮಾಡಿದ್ದೇನೆ, ಮನೆಗೆ ಒಯ್ಯಲು ಸಹಿ ಹಾಕಿ ಎನ್ನಬೇಕು. ಇಲ್ಲವೇ ಇತಿಹಾಸದಿಂದಲೇ ಕಿತ್ತು ಎಸೆಯಬೇಕು. ಮೊದಲನೆಯದಾದರೆ ನೌಕರಿ ಹೋಗುತ್ತದೆ, ಎರಡನೆಯದಾದರೆ ನಾಟಕ ಹೋಗುತ್ತದೆ. ಭಾನುವಾರ ಅವರ ಮನೆಯಲ್ಲಿ ನಾನೂ ಕೂತಿದ್ದೆ. ಜಲಜಾಕ್ಷಿಯವರು ಬಸಳೆ ಹೆಚ್ಚುತ್ತ ಎಲ್ಲ ಕೇಳಿಸಿಕೊಂಡರು.

"ಅಷ್ಟು ಮಕ್ಕಳು ದಿನಾ ಸುಮ್ಮನೆ ಕೂರ್ತಾರಾ?" ಎಂದರು.

"ಹೂಂ."

"ಹಾಗಾದ್ರೆ ತೆಗೀರಿ. ನನ್ನ ಮೀಸೆಗೋಸ್ಕರ ಊರವರ ಕೆಲಸ ನಿಲ್ಲೂದು ಬೇಡ." ಅಷ್ಟು ಹೇಳಿ ಒಳಗೆ ಹೋದರು. ಬಸಳೆ ಮಣೆಯ ಮೇಲೆಯೇ ಉಳಿಯಿತು. ನಾನೂ ಹೊರಟುಬಂದೆ.

ಸೋಮವಾರ ಅವರು ತೆಗೆದರು. ಮೊದಲಿನಿಂದ ಕೊನೆಯ ತನಕ ಇತಿಹಾಸವನ್ನು ಆ ಒಂದು ವಸ್ತುವಿಲ್ಲದೆ ಹೊಸದಾಗಿ ಬರೆಯಿಸಿ, ಹಳೆಯ ನಕಲುಗಳನ್ನು ಎಲ್ಲರೂ ಅಳಿಸಬೇಕೆಂದು ಮೇಲ್ ಕಳಿಸಿದರು. ಒಬ್ಬರ ಹಳೆಯ ನಕಲು ಉಳಿದು ಮತ್ತೆ ಬೆರೆತರೂ ಕಸವೆಲ್ಲ ವಾಪಸು ಬರುತ್ತದೆ ಎಂದು ಕೆಳಗೆ ಗೆರೆ ಎಳೆದಿದ್ದರು. ಕಸ ಎಂದು ಬರೆಯುವಾಗ ಅವರ ಕೈ ನಿಂತದ್ದನ್ನು ನಾನು ನೋಡಿದೆ. ಮರುದಿನ ಬೇಲಾಪುರಕ್ಕೆ ಎಲ್ಲವೂ ತಲುಪಲು ಹಿಡಿದದ್ದು ಒಂಬತ್ತು ನಿಮಿಷ. ಅನುಷ್ಕಾ ಫೋನಿನಲ್ಲೇ ಚಪ್ಪಾಳೆ ಹೊಡೆದಳು. ಕಂಪನಿ ಒಂದು ಪ್ರಶಸ್ತಿಪತ್ರ ಕೊಟ್ಟಿತು. ಅದನ್ನೂ ಅವರು ಮನೆಗೆ ಒಯ್ದು ಮಿಕ್ಸರಿನ ಪೆಟ್ಟಿಗೆಯಲ್ಲಿ ಹಾಕಿಟ್ಟರು. ಆ ವರ್ಷ ನಾಟಕ ಬರೆಯುವುದಿಲ್ಲ ಎಂದು ಸಂಘಕ್ಕೆ ಹೇಳಿಬಿಟ್ಟರು.

ಹನ್ನೊಂದು ದಿನ ಹಾಗೆ ನಡೆಯಿತು. ಹನ್ನೆರಡನೆಯ ದಿನ ಬೆಳಿಗ್ಗೆ ಮತ್ತೆ ಒಂದೂವರೆ ಗಂಟೆ! ಯಾರೋ ಹಳೆಯ ನಕಲನ್ನು ಬೆರೆಸಿದ್ದರು. ಯಾರೆಂದು ಭಂಡಾರವೇ ಹೇಳುತ್ತದೆ, ಅದಕ್ಕೆ ದಾಕ್ಷಿಣ್ಯವಿಲ್ಲ. ಹೆಸರು ನೋಡಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಜಯೇಶ್. ಅಷ್ಟರಲ್ಲೇ ಕ್ಯಾಬಿನ್ನಿಗೆ ಬರಲು ಇಬ್ಬರಿಗೂ ಕರೆ ಬಂತು.

"ಬಾಗಿಲು ಹಾಕಿ" ಎಂದ ಜಯೇಶ್. ಬಾಗಿಲು ಹಾಕಿದ ಮೇಲೆಯೇ ಅವನು ಹೇಳಿದ್ದು ಯಾವ ಭಾಷೆಯಲ್ಲಿ ಎಂದು ನನಗೆ ಹೊಳೆದದ್ದು.

"ಸರ್, ನಿಮಗೆ ಕನ್ನಡ..." ಎಂದರು ವಸಂತಕುಮಾರರು.

"ಹುಟ್ಟಿದ್ದು ಕಳ್ವಾದಲ್ಲಿ. ಅಪ್ಪ ಠಾಣೆಯಲ್ಲಿ ಹೋಟೆಲಿನಲ್ಲಿದ್ರು, ಅಮ್ಮ ಉಡುಪಿಯವರು. ನಂಗೆ ಎಲ್ಲ ತಿಳೀತದೆ, ಬೋಲ್ನೇ ಕೋ ಮಾತ್ರ ನಾಲಿಗೆ ತಿರುಗೂದಿಲ್ಲ." ಬೆರಳು ಮಟಮಟಿಸಿ, "ಮಟಮಟ ರಾಯ ಅಂದ್ರೂ ತಿಳೀತದೆ" ಎಂದ.

ಎಂಟು ವರ್ಷ ಆ ಮನುಷ್ಯನ ಎದುರು ನಾವು ಆಡಿದ ಮಾತುಗಳೆಲ್ಲ ಒಂದೊಂದಾಗಿ ನನಗೆ ನೆನಪಾದವು. ಕೆಲವು ಅವನ ತಲೆಯ ಮೇಲಿನ ಕೂದಲಿನ ಬಗ್ಗೆ ಇದ್ದವು. ನೆಲ ಬಿರಿದರೆ ಇಳಿದುಬಿಡೋಣ ಅನ್ನಿಸಿತು.

"ಹೊಸ ಸಿಸ್ಟಮ್ ಬಂದಾಗಲೇ ಆ ಫೈಲ್ ನೋಡಿದ್ದೆ. ಇಷ್ಟು ದೊಡ್ಡ ಪಟ್ಟಿ ಎಂತ ಅಂತ ತೆರೆದೆ. ಲ್ಯಾಪ್‌ಟಾಪ್ ಮನೆಗೆ ಹೋಗ್ತದಲ್ಲ, ಅಮ್ಮ ಭಾನುವಾರ ಭಾನುವಾರ ಅದನ್ನೇ ಹಾಕು ಅಂತಾರೆ. ನಿಮ್ಮ ಮೇಲ್ ಬಂದಾಗ ಅಳಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ನಿನ್ನೆ ಅವಸರದಲ್ಲಿ ನನ್ನದೇ ಏನೋ ಕಳಿಸ್ಲಿಕ್ಕೆ ಹೋಗಿ ಸಬ್ ಗಡ್‌ಬಡ್ ಆಯ್ತು." ಡ್ರಾಯರಿನಿಂದ ಒಂದು ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟ. "ಇದು ನಿಮ್ಗೆ, ಸಹಿ ಹಾಕಿದ್ದೇನೆ. ಭಂಡಾರ ಮತ್ತೆ ಸಾಫ್ ಮಾಡಿ."

ವಸಂತಕುಮಾರರು ಡಿಸ್ಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಹೊರಡುವುದೇ ಒಳ್ಳೆಯದೆಂದು ನಾನು ಅವರ ಅಂಗಿ ಎಳೆದೆ.

"ಒಂದು ಕೇಳ್ಬೇಕು" ಎಂದ ಜಯೇಶ್. ಈಗ ಅವನ ದನಿ ತಗ್ಗಿತ್ತು. "ಅದ್ರಲ್ಲಿ ಸಾಹೇಬ ಬೈಯೋ ಮೊದಲು ಖಾಲಿ ಕುರ್ಚಿಗೆ ಬೈದು ಪ್ರ್ಯಾಕ್ಟೀಸ್ ಮಾಡ್ತಾನಲ್ಲ? ಜಾಸ್ತಿ ಆಯ್ತು ಅಂತ ಕುರ್ಚಿಗೇ ಸಾರಿ ಅಂತಾನೆ. ಅದು ನಿಮ್ಗೆ ಯಾರು ಹೇಳಿದ್ದು? ನಾನು ಬಾಗಿಲು ಹಾಕಿ ಮಾಡ್ತೇನೆ. ಅಮ್ಮನಿಗೂ ಗೊತ್ತಿಲ್ಲ."

ನಾನು ಅಂಗಿ ಬಿಟ್ಟೆ. ವಸಂತಕುಮಾರರು ಅವನ ಕಡೆ ತಿರುಗಿದರು.

"ಯಾರೂ ಹೇಳ್ಲಿಲ್ಲ ಸರ್. ಆ ಸೀನ್ ಮಾತ್ರ ನಿಮ್ಮದಲ್ಲ, ನನ್ನದು. ನಿಮ್ಮ ಹತ್ರ ಬರುವ ಮೊದಲು ನಾನು ಮೆಟ್ಟಿಲಿನ ಹತ್ರ ನಿಂತು ಗೋಡೆಗೆ ಹೇಳಿ ನೋಡ್ತೇನೆ. ಎಂಟು ವರ್ಷ ಆಯ್ತು."

"ಇವತ್ತೂ?"

"ಇವತ್ತು ಎರಡು ಸಲ."

ಜಯೇಶ್ ಎದ್ದು ಬಂದ. ದಿನವೂ ತನ್ನಿಂದ ಬೈಸಿಕೊಳ್ಳುತ್ತಿದ್ದ ಆ ಕುರ್ಚಿಯನ್ನು ಎಳೆದು ಅವರ ಹಿಂದೆ ಇಟ್ಟ.

"ಕೂತ್ಕೊಳ್ಳಿ ವಸಂತಣ್ಣ" ಎಂದ.