ಎಡಗಡೆ ಬಿದ್ದ ಕಣಗಿಲೆ

ಅವ್ವ, ಅವತ್ತು ಗುಡಿಯ ತಾಯಿ ನಿನ್ನ ಕೈ ಬೇಡ ಎನ್ನಲಿಲ್ಲ. ಬೇಡ ಎಂದವಳು ನಾನು. ಗುಡಿಯಲ್ಲಿ ಎಡಗಡೆಯ ಹೂವು ಬಿತ್ತಲ್ಲ — ಅದೇ ಬೀಳಲಿ ಎಂದು ಹಾಗೆ ಅಂಟಿಸಿದವಳೂ ನಾನೇ. ಏಳು ವರ್ಷ ಬಾಯಿ ಬಿಡದೆ ಇಟ್ಟುಕೊಂಡಿದ್ದೇನೆ. ನಿನಗೆ ಓದು ಬಾರದು, ಅದಕ್ಕೇ ಮೊದಲು ಬರೆಯುತ್ತಿದ್ದೇನೆ. ನಿನ್ನ ಮಗಳ ಧೈರ್ಯ ಎಂಥದ್ದು ನೋಡು!

ಹೊಣಕೆರೆ ಸುತ್ತಿನ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಜನ ನಿನ್ನ ಕೈಯಲ್ಲೇ ಭೂಮಿಗೆ ಬಂದವರು. ಹೆರಿಗೆಗಳೆಲ್ಲ ಆಸ್ಪತ್ರೆ ಸೇರಿದ ಮೇಲೂ ಬಸುರಿಯರು ಹೊಟ್ಟೆ ತೋರಿಸಲು ನಿನ್ನ ಜಗುಲಿಗೆ ಬರುತ್ತಿದ್ದರು. ನೀನು ಅಂಗೈ ಇಟ್ಟು, ಕಣ್ಣು ಮುಚ್ಚಿ, "ತಲೆ ಇಲ್ಲೈತೆ, ಬೆನ್ನು ಈ ಕಡೀಕೆ" ಎನ್ನುತ್ತಿದ್ದೆ. ನಾಗಮಂಗಲದ ಸ್ಕ್ಯಾನಿನವರೂ ಆಮೇಲೆ ಅದನ್ನೇ ಹೇಳುತ್ತಿದ್ದರು. ನಿನ್ನ ಊರಿಗೇ ಸೊಸೆಯಾಗಿ, ಆಶಾ ಕೆಲಸಕ್ಕೆ ಸೇರಿ, ನಾಲ್ಕು ದಿನ ಟ್ರೈನಿಂಗಿಗೆ ಹೋಗಿಬಂದ ನಾನು ನಿನಗೇ ಬುದ್ಧಿ ಹೇಳುತ್ತಿದ್ದೆ — ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ.

ಆಗ ತಮ್ಮನ ಹೆಂಡತಿ ಸುಜಾತಳಿಗೆ ಎರಡನೆಯ ಬಸಿರು, ಒಂಬತ್ತು ತಿಂಗಳು. ಮಗು ತಲೆ ಮೇಲೆ ಮಾಡಿಕೊಂಡು ಕುಳಿತುಬಿಟ್ಟಿತ್ತು. "ಕುಂತದೆ ಅಷ್ಟೇ ಕಣವ್ವ, ಹರಳೆಣ್ಣೆ ಹಾಕಿ ತಿರುಗಿಸ್ತೀನಿ ಬುಡು" ಎಂದೆ ನೀನು. ನನಗೆ ಜೀವವೇ ಹಾರಿಹೋಯಿತು. ಒಳಗೆ ಮಾಸು ಕಳಚಿಬಿಟ್ಟರೆ? ಹೊಕ್ಕುಳಬಳ್ಳಿ ಸುತ್ತಿಕೊಂಡಿದ್ದರೆ? ಜೊತೆಗೆ — ಇದನ್ನೂ ಹೇಳಿಬಿಡುತ್ತೇನೆ — ಸಾರು ಬಡಿಸುವಾಗ ನಿನ್ನ ಕೈಯಲ್ಲಿ ಸೌಟು ನಡುಗುವುದನ್ನು ನಾನು ನೋಡಿದ್ದೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನು ನೋಡಿಕೊಂಡು, ಮಗುವಿನ ಎದೆಬಡಿತ ಕೇಳಿಕೊಂಡು ಹೊರಗಿನಿಂದಲೇ ತಿರುಗಿಸುತ್ತಾರೆ, ಏನಾದರೂ ಆದರೆ ಆಪರೇಷನ್ನಿಗೆ ಪಕ್ಕದಲ್ಲೇ ಎಲ್ಲ ಸಿದ್ಧವಿರುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನು ನಿನ್ನ ಮುಖ ನೋಡಿ ಹೇಳಬೇಕಿತ್ತು. ಊರಿಗೆಲ್ಲ ಉಪದೇಶ ಮಾಡುವವಳಿಗೆ ನಿನ್ನೆದುರು ನಾಲಿಗೆಯೇ ಏಳಲಿಲ್ಲ.

ನಾನು ಆಸ್ಪತ್ರೆ ಆಸ್ಪತ್ರೆ ಎಂದು ಗೊಣಗುತ್ತಿದ್ದುದನ್ನು ಕಂಡು ನೀನೇ ದಾರಿ ತೋರಿಸಿದೆ. "ಅಮ್ಮನ್ನೇ ಕೇಳವ, ನಡಿ." ಹೊಲದ ಬದುವಿನ ಅಮ್ಮನ ಆ ಪುಟ್ಟ ಗುಡಿಯ ಪೂಜೆ ನಮ್ಮ ಮನೆಯದೇ. ನಿನಗೆ ಕಣ್ಣು ಮಂಜಾಗಿತ್ತು, ವಿಗ್ರಹದ ಎರಡೂ ಕಡೆ ಹೂವು ಅಂಟಿಸುವ ಕೆಲಸ ನನಗೆ ಬಂತು. ನಿನ್ನ ಕೈಯಿಂದ ಮಗು ತಿರುಗುವುದಾದರೆ ಬಲಗಡೆಯ ಹೂವು ಬೀಳಬೇಕು, ಇಲ್ಲದಿದ್ದರೆ ಎಡಗಡೆಯದು. ಬಲಗಡೆಯ ಕಣಗಿಲೆಗೆ ಗಟ್ಟಿ ಗಂಧ ಮೆತ್ತಿ ಒತ್ತಿದೆ. ಎಡಗಡೆಯದಕ್ಕೆ — ಒಂದು ತೊಟ್ಟು ನೀರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದುಕೊಂಡೆ. ನೀನು ಕೈ ಮುಗಿದು ಮುಗಿಸುವುದರೊಳಗೆ ಎಡಗಡೆಯ ಹೂವು ಜಾರಿತು.

"ನನ್ ಕೈ ಬ್ಯಾಡ ಅಂದ್ಬುಟ್ಲು ತಾಯಿ," ಎಂದೆ ನೀನು. ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು, "ಕರ್ಕೊಂಡೋಗವ್ವ" ಎಂದೆ.

ಮೈಸೂರಿನ ಆ ಬೆಳಗನ್ನು ನೆನೆದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ತಿರುಗದೇ ಇರಬಹುದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಸೊಂಟದ ಕೆಳಗೆ ದಿಂಬಿಟ್ಟು ಸುಜಾತಳನ್ನು ಮಲಗಿಸಿದರು. ಅವಳು ನನ್ನ ಬೆರಳು ಮುರಿಯುವ ಹಾಗೆ ಹಿಡಿದಿದ್ದಳು. ಡಾಕ್ಟರಮ್ಮನ ಒಂದು ಅಂಗೈ ಮಗುವಿನ ಕುಂಡಿಯನ್ನು ಮೇಲಕ್ಕೆತ್ತಿತು, ಇನ್ನೊಂದು ತಲೆಯನ್ನು ಮೆಲ್ಲಗೆ ಕೆಳಕ್ಕೆ ನಡೆಸಿತು. ನಿಂತರು, ಎದೆಬಡಿತ ಕೇಳಿದರು, ಮತ್ತೆ ಒತ್ತಿದರು. ಹೊಟ್ಟೆಯೊಳಗೆ ದೊಡ್ಡದೊಂದು ಅಲೆ ಎದ್ದ ಹಾಗಾಯಿತು — ತಿರುಗಿಬಿಟ್ಟಿತು! ಪರದೆಯ ಮೇಲೆ ತಲೆ ಕೆಳಗಿತ್ತು. ಸುಜಾತ ಅಳುತ್ತಾ ನಗುತ್ತಿದ್ದಳು. ನಾನು ಎಲ್ಲಿದ್ದೇನೆ ಎಂಬುದನ್ನೂ ಮರೆತು ಚಪ್ಪಾಳೆ ತಟ್ಟಿ ನರ್ಸಿನಿಂದ ಬೈಸಿಕೊಂಡೆ. ಎರಡು ವಾರಕ್ಕೆ, ಆಪರೇಷನ್ ಇಲ್ಲದೆಯೇ, ಲಿಖಿತ ಹುಟ್ಟಿದಳು. ಈಗ ನಿನ್ನ ಅಂಗಳದಲ್ಲಿ ದಿನವಿಡೀ ಲಾಗ ಹಾಕುವುದೇ ಅವಳ ಕೆಲಸ.

ಆದರೆ ಅವ್ವ, ಆ ಡಾಕ್ಟರಮ್ಮನ ಕೈ ನೋಡುತ್ತಿದ್ದಾಗ ನನಗೆ ಅದು ಗುರುತು ಸಿಕ್ಕಿತು. ಅದೇ ಅಂಗೈ, ಅದೇ ನಿಧಾನ — ಚಿಕ್ಕವಳಿದ್ದಾಗ ನಿನ್ನ ಜಗುಲಿಯಲ್ಲಿ ನೋಡಿದ್ದು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನಿನಗೆ ಓಡಿಬಂದು ಅದನ್ನಾದರೂ ಹೇಳಬಹುದಿತ್ತು. ನಾನು ಹೇಳಿದ್ದು, "ತಿರುಗಿಸಿದ್ರು ಕಣವ್ವ" ಎಂದಷ್ಟೇ. ಊರು ನನ್ನನ್ನು ಹೊಗಳಿತು. ಹೊಗಳಿಸಿಕೊಂಡೆ.

ಅಂದಿನಿಂದ ನೀನು ಯಾರ ಹೊಟ್ಟೆಯನ್ನೂ ಮುಟ್ಟಿಲ್ಲ. ಬಂದವರಿಗೆಲ್ಲ, "ತಾಯಿ ಬ್ಯಾಡ ಅಂದವ್ಳೆ, ಓಗ್ರವ್ವ" ಎಂದೆ. ಕಾಲು ನೀಡಿ ಊರ ಕೂಸುಗಳಿಗೆಲ್ಲ ನೀರೆರೆದವಳು ಸ್ವಂತ ಮೊಮ್ಮಗಳಿಗೆ ಎರೆಯಲಿಲ್ಲ. ನಾನು ಎರೆಯುವಾಗ ಹೊಸ್ತಿಲಲ್ಲಿ ಕುಳಿತು, ಎರಡೂ ಕೈಯನ್ನು ಸೆರಗಿನೊಳಗಿಟ್ಟುಕೊಂಡು, "ಕತ್ತು ಇಡ್ಕಳೇ, ಕತ್ತು" ಎನ್ನುತ್ತಿದ್ದೆ. 

ಮಗು ಚೆನ್ನಾಗಿ ಹುಟ್ಟಿತಲ್ಲ ಎಂದು ತಪ್ಪಿಸಿಕೊಳ್ಳುವುದಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದದ್ದಕ್ಕೆ ನನಗೆ ಕೊರಗಿಲ್ಲ, ನಾಳೆಯೂ ಹೋಗುತ್ತೇನೆ. ನಿನಗೆ ಹೇಳುವ ಧೈರ್ಯವಿಲ್ಲದೆ ನೀನು ನಂಬಿದ ತಾಯಿಯ ಬಾಯಲ್ಲಿ ಸುಳ್ಳು ಹೇಳಿಸಿದವಳು ನಾನು. ತಪ್ಪು ಅದು.

ನಾಳೆ ನನ್ನ ಮಗಳು ಪಲ್ಲವಿ ಚೊಚ್ಚಲ ಬಾಣಂತನಕ್ಕೆ ಬರುತ್ತಾಳೆ. ಮಗು ತಲೆ ಕೆಳಗೇ ಇದೆ ಎಂದು ಸ್ಕ್ಯಾನು ಹೇಳಿದೆ, ತಿರುಗಿಸುವುದೇನೂ ಇಲ್ಲ. ಇವತ್ತು ಸಂಜೆ ನಿನ್ನ ಪಕ್ಕ ಕುಳಿತು ಇದಿಷ್ಟನ್ನೂ ಓದಿ ಹೇಳುತ್ತೇನೆ, ಗಂಧದ ಮಾತನ್ನೂ ಸೇರಿಸಿ. ನೀನು ಬೈಯಬಹುದು, ಮಾತು ಬಿಡಬಹುದು. ನಾಳೆ ಪಲ್ಲವಿ ನಿನ್ನ ಜಗುಲಿಯ ಮೇಲೆ ಮಲಗಿದಾಗ, ತಲೆ ಎಲ್ಲಿದೆ ಹೇಳವ್ವ ಎಂದು ಎಲ್ಲರೆದುರೂ ಕೇಳುತ್ತೇನೆ. ಕೈ ಇಡುವುದೂ ಬಿಡುವುದೂ ಇನ್ನು ನಿನ್ನ ಇಷ್ಟ. ಈ ಸಲ ಹೂವು ಕೇಳುವುದು ಬೇಡ.